ಬೀಗದೊಳಗಿನ ಬೀಗದ ಕೈ

“ನಾನಾಗಿ ಸಿಟ್ಟಾಗಲಿಲ್ಲ, ಅವನೇ ಸಿಟ್ಟು ಬರಿಸಿದ” ಎಂದು ನಾವೆಲ್ಲರೂ ಒಂದಲ್ಲ ಒಂದು ದಿನ ಹೇಳಿದವರೇ. ಆರು ವರ್ಷ ನಾನೂ ಇದನ್ನೇ ಹೇಳಿಕೊಂಡು ಬಂದೆ. ಮನೆ ಪಾಲಾದ ದಿನ ಅಣ್ಣ ಒಂದು ಮಾತು ಅಂದ: “ನಿನ್ನನ್ನು ಎಂ.ಎ. ಓದಿಸಿದವನು ನಾನು, ನೆನಪಿರಲಿ.” ಅದಕ್ಕೆ ನಾನು ಕೊಟ್ಟ ಮರುಮಾತನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ. ತಪ್ಪು ಯಾರದೆಂದು ಕೇಳಿದವರಿಗೆ, ಮೊದಲು ಚುಚ್ಚಿದವನದು ಎಂಬ ಉತ್ತರ ನನ್ನ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

ಕಳೆದ ತಿಂಗಳು ಅಣ್ಣನಿಗೆ ಹೃದಯಾಘಾತವಾಯಿತು. ಹೃದಯದ ರಕ್ತನಾಳದಲ್ಲಿ ನೆತ್ತರು ಗರಣೆಗಟ್ಟಿದೆ ಎಂದರು ವೈದ್ಯರು. ಹೋಗಿ ನೋಡಿದೆ, ಮಾತು ಹೊರಡಲಿಲ್ಲ, ಹೊರಗಿನ ಬೆಂಚಿನ ಮೇಲೆ ಬಂದು ಕುಳಿತೆ. ಗಾಯವಾದಾಗ ಪ್ರಾಣ ಉಳಿಸುವ ಗರಣೆ ಪ್ರಾಣಕ್ಕೇ ಎರವಾಗುವುದು ಹೇಗೆ? ಕನ್ನಡ ಮೇಷ್ಟರ ಬುದ್ಧಿಗೆ ನಿಲುಕಿದಷ್ಟನ್ನು ಅಲ್ಲಿಯೇ ಕುಳಿತು ಓದಿದೆ. ಆಗ ಕಣ್ಣಿಗೆ ಬಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಶಾನ್ ಕಾಫ್ಲಿನ್ ಮತ್ತು ಅವರ ಸಂಗಡಿಗರು 1991ರಲ್ಲಿ ಪ್ರಕಟಿಸಿದ ಶೋಧ.

ರಕ್ತನಾಳಕ್ಕೆ ಪೆಟ್ಟಾದಾಗ ಥ್ರಾಂಬಿನ್ ಎಂಬ ಕಿಣ್ವ ಹುಟ್ಟುತ್ತದೆ. ಅದು ನೆತ್ತರಿನಲ್ಲಿ ಕರಗಿರುವ ಪ್ರೋಟೀನೊಂದನ್ನು ಎಳೆಎಳೆಯಾಗಿಸಿ ಬಲೆ ಹೆಣೆಯಿಸುತ್ತದೆ. ಪ್ಲೇಟ್‌ಲೆಟ್ ಎಂಬ ಕಿರುಕಣಗಳನ್ನು ಕೆರಳಿಸಿ ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುತ್ತದೆ. ಈ ಕೆರಳಿಸುವ ಬಗೆಯೇ ವಿಚಿತ್ರ. ಕೋಶಗಳ ಮೈಮೇಲೆ ಗ್ರಾಹಕಗಳಿರುತ್ತವೆ. ಸಾಮಾನ್ಯವಾಗಿ ಗ್ರಾಹಕವು ಬೀಗವಿದ್ದಂತೆ. ಹೊರಗಿನಿಂದ ಬರುವ ವಸ್ತು ಬೀಗದ ಕೈ. ಥ್ರಾಂಬಿನ್ನಿನ ಗ್ರಾಹಕ ಹಾಗಲ್ಲ. ಥ್ರಾಂಬಿನ್ ಅದರ ತುದಿಯನ್ನು ಕತ್ತರಿಸುತ್ತದೆ, ಅಷ್ಟೆ. ಕತ್ತರಿಸಿದೊಡನೆ ಅಡಗಿದ್ದ ಹೊಸ ತುದಿಯೊಂದು ಬಯಲಾಗಿ, ತಾನೇ ಬಾಗಿ, ತನ್ನದೇ ಗ್ರಾಹಕಕ್ಕೆ ತಗುಲಿ ಅದನ್ನು ತೆರೆಯುತ್ತದೆ. ಆ ತುದಿಯಂಥದೇ ಪುಟ್ಟ ತುಣುಕನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಸೇರಿಸಿದಾಗ ಥ್ರಾಂಬಿನ್ ಇಲ್ಲದೆಯೇ ಪ್ಲೇಟ್‌ಲೆಟ್‌ಗಳು ಕೆರಳಿದವು. ಕತ್ತರಿ ಹೊರಗಿನದು, ಬೀಗದ ಕೈ ಬೀಗದಲ್ಲೇ ಇತ್ತು!

ಓದುವುದನ್ನು ನಿಲ್ಲಿಸಿದೆ. ಅಣ್ಣನ ಮಾತು ಕತ್ತರಿಯೇ ಸರಿ. ಆದರೆ ನನ್ನ ಬಾಯಿಂದ ಹೊರಟದ್ದು ಅವನು ತಂದಿಟ್ಟದ್ದೆ? ಅವನ ಋಣ ಹೊರೆಯೆಂಬ ಕಹಿ ಎಷ್ಟೋ ಕಾಲದಿಂದ ನನ್ನೊಳಗೇ ಮಡಿಚಿಕೊಂಡಿತ್ತು.

ಉಪಮೆ ಪ್ರಮಾಣವಲ್ಲ, ಬಲ್ಲೆ. ಕೋಶಕ್ಕೆ ಧರ್ಮಾಧರ್ಮವಿಲ್ಲ, ಮಾತಿಗೂ ಮರುಮಾತಿಗೂ ನಡುವೆ ಮನುಷ್ಯನಿಗೆ ಇರುವ ಒಂದು ಉಸಿರಿನ ಬಿಡುವು ಅದಕ್ಕಿಲ್ಲ. ಹಾಗಾದರೆ ಸಿಟ್ಟನ್ನೇ ಬೇರುಸಹಿತ ಕೀಳಬೇಕೆ? ಅದೂ ಸಲ್ಲದು. ಈ ಗ್ರಾಹಕವನ್ನೇ ತಡೆಯುವ ವೊರಾಪ್ಯಾಕ್ಸರ್ ಎಂಬ ಔಷಧಕ್ಕೆ 2014ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಒಮ್ಮೆ ಹೃದಯಾಘಾತವಾದವರಿಗೆ ಅದು ಮತ್ತೊಂದರ ಅಪಾಯವನ್ನು ತಗ್ಗಿಸಿತು. ರಕ್ತಸ್ರಾವದ ಅಪಾಯವನ್ನು ಹೆಚ್ಚಿಸಿತು. ಹಿಂದೆ ಪಾರ್ಶ್ವವಾಯು ಹೊಡೆದವರಿಗೆ ಅದನ್ನು ಕೊಡಕೂಡದು. ಹೆಪ್ಪುಗಟ್ಟಲಾರದ ನೆತ್ತರು ಮೈಯನ್ನು ಕಾಯಲಾರದು. ಅನ್ಯಾಯವನ್ನು ಕಂಡೂ ಕೆರಳದ ಮನಸ್ಸು ಮನುಷ್ಯನನ್ನು ಕಾಯಲಾರದು.

ದೋಷವಿರುವುದು ಕೆರಳಿಯೇ ಉಳಿಯುವುದರಲ್ಲಿ. ರಕ್ತನಾಳದ ಒಳಪದರದ ಕೋಶಗಳಲ್ಲೂ ಇದೇ ಗ್ರಾಹಕವಿದೆ. ಒಮ್ಮೆ ಕತ್ತರಿಸಿದ ತುದಿ ಮತ್ತೆ ಕೂಡುವುದಿಲ್ಲ. ಆದರೆ ಕೋಶವು ಅಂಥ ಗ್ರಾಹಕವನ್ನು ತೆರೆದೇ ಇಟ್ಟುಕೊಂಡು ಕೂರುವುದಿಲ್ಲ. ಬೇಗನೆ ಅದರ ಸದ್ದಡಗಿಸಿ, ಒಳಗೆಳೆದುಕೊಂಡು, ಜೀರ್ಣಿಸಿಬಿಡುತ್ತದೆ. ಅದರ ಜಾಗಕ್ಕೆ ಗಾಯವಿಲ್ಲದ ಹೊಸದು ಬರುತ್ತದೆ. ನಾನೋ, ತುಂಡಾದ ಒಂದೇ ತುದಿಯನ್ನು ಆರು ವರ್ಷ ಸವರುತ್ತ ಕುಳಿತಿದ್ದೆ.

ಇಷ್ಟು ತಿಳಿದೊಡನೆ ಅಣ್ಣನ ಕಾಲಿಗೆ ಬಿದ್ದೆನೆಂದು ವಾಚಕರು ಭಾವಿಸಬಾರದು. ಅಂದಿನ ಅವನ ಮಾತು ಸರಿಯೆಂದು ಇಂದಿಗೂ ನಾನು ಒಪ್ಪೆ. ಮೊನ್ನೆ ಭಾನುವಾರ ಅವನ ಮನೆಗೆ ಹೋದೆ. ಗಡ್ಡ ಹೆರೆದುಕೊಳ್ಳುವಾಗ ಗಲ್ಲ ಕೊಯ್ದುಕೊಂಡಿದ್ದ. ನೆತ್ತರು ಗರಣೆಗಟ್ಟದಿರಲೆಂದು ಕೊಟ್ಟ ಗುಳಿಗೆಗಳ ದೆಸೆಯಿಂದ ಈಗ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲದು. ಅತ್ತಿಗೆ ಹತ್ತಿ ತಂದರು. ನಾನೇ ಇಸಿದುಕೊಂಡು ಒತ್ತಿ ಹಿಡಿದೆ.

“ಸಾಕು ಬಿಡೋ, ಕಾಲೇಜಿಗೆ ಹೊತ್ತಾಗಲಿಲ್ಲವೆ?” ಎಂದ.

“ಇವತ್ತು ಭಾನುವಾರ, ಅಣ್ಣ” ಎಂದೆ.

ರಕ್ತ ನಿಲ್ಲುವವರೆಗೆ ಕೈ ತೆಗೆಯಲಿಲ್ಲ.