ಹಗ್ಗ ಮತ್ತು ಹಣೆಬರಹ

ಮಳೆಗಾಲ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಪುಣೆಯ ಬಾಣೇರ್, ವಾಕಡ್, ಕೋಂಢವಾ ಕಡೆಯ ಎತ್ತರದ ಕಟ್ಟಡಗಳಿಗೆ ಪೇಂಟರುಗಳು ಜೋತುಬೀಳುತ್ತಾರೆ. ಕೂರಲು ಒಂದು ಹಲಗೆ, ಅದನ್ನು ಹೊತ್ತ ಹಗ್ಗ, ಪಕ್ಕದಲ್ಲಿ ತೂಗುವ ಬಣ್ಣದ ಬಕೆಟ್ಟು. ಕೆಲಸದವರು ಇದಕ್ಕೆ ಝೂಲಾ ಎನ್ನುತ್ತಾರೆ. ಹಗ್ಗದ ಮೇಲ್ತುದಿಯನ್ನು ಟೆರೇಸಿನ ಯಾವುದೋ ಕಂಬಕ್ಕೆ ಬಿಗಿದಿರುತ್ತಾರೆ. ಅದು ಪ್ಯಾರಪೆಟ್ ದಾಟಿ ಕೆಳಗಿಳಿಯುವಲ್ಲಿ ಮಡಿಚಿದ ಗೋಣಿಚೀಲ. ಆ ಚೀಲ ಸರಿದರೆ ಸಿಮೆಂಟಿನ ಅಂಚು ಹಗ್ಗವನ್ನು ಎಳೆ ಎಳೆಯಾಗಿ ತಿನ್ನುತ್ತದೆ. ಕೆಳಗೆ ಹಲಗೆಯಲ್ಲಿ ಕೂತವನಿಗೆ ಅದು ಕಾಣುವುದಿಲ್ಲ.

ಬಿದ್ದು ಸತ್ತರೆ ಮರಾಠಿಯವರು ನಶೀಬ ಅನ್ನುತ್ತಾರೆ. ಕಲಬುರಗಿ, ವಿಜಯಪುರದಿಂದ ದುಡಿಯಲು ಹೋದವರೂ ಅದನ್ನೇ ಅನ್ನುತ್ತಾರೆ, ಇಲ್ಲವೇ ಹಣೆಬರಹ. ಮಗನನ್ನು ಕಳೆದುಕೊಂಡ ತಾಯಿಗೆ ಆ ಮಾತು ಊರುಗೋಲು. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅದೇ ಮಾತು ಕೆಲಸ ಮಾಡಿಸಿದವನ ಬಾಯಲ್ಲಿ ಬಂದರೆ? ದೈವದ ಹೆಸರೆತ್ತುವ ಅಧಿಕಾರ ಅವನಿಗೆ ಯಾವಾಗ ಬರುತ್ತದೆ?

ಮಹಾಭಾರತದ ಅನುಶಾಸನ ಪರ್ವದಲ್ಲಿ ಯುಧಿಷ್ಠಿರ ಭೀಷ್ಮನನ್ನು ಇದನ್ನೇ ಕೇಳುತ್ತಾನೆ: ದೈವ ದೊಡ್ಡದೋ, ಪುರುಷಪ್ರಯತ್ನವೋ? ಭೀಷ್ಮ ವಸಿಷ್ಠ ಮತ್ತು ಬ್ರಹ್ಮರ ಸಂವಾದವೊಂದನ್ನು ನೆನೆಯುತ್ತಾನೆ. ಪ್ರಯತ್ನ ಹೊಲ, ದೈವ ಬೀಜ. ಎರಡೂ ಕೂಡದೆ ಬೆಳೆಯಿಲ್ಲ. ಹೊಲ ಉಳದವನು ಬೀಜವನ್ನು ಬಯ್ಯುವಂತಿಲ್ಲ.

ಪೇಂಟಿಂಗ್ ಕೆಲಸದಲ್ಲಿ ಉಳುಮೆ ಎಂದರೆ ಸೇಫ್ಟಿ ಬೆಲ್ಟ್ ತೊಡಿಸುವುದು ಎಂದುಕೊಂಡವರೇ ಹೆಚ್ಚು. ಅಷ್ಟು ಸಾಲದು. ಹಲಗೆಯ ಹಗ್ಗ ಬೇರೆ, ಪ್ರಾಣ ಉಳಿಸುವ ಲೈಫ್‌ಲೈನ್ ಬೇರೆ. ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿದರೆ ಕಂಬದ ಜತೆ ಎರಡೂ ಹೋಗುತ್ತವೆ. ಸಾರುವೆಯ ಮೇಲೆ ನಿಂತವನ ಲೆಕ್ಕ ಇನ್ನೊಂದು. ಬೆಲ್ಟಿನ ಹಗ್ಗ 1.8 ಮೀಟರ್, ಜಗ್ಗಿದಾಗ ಬಿಚ್ಚಿಕೊಂಡು ಆಘಾತ ತಗ್ಗಿಸುವ ಪಟ್ಟಿ ಸುಮಾರು 1 ಮೀಟರ್, ಬೆನ್ನಿನ ಕೊಂಡಿಯಿಂದ ಪಾದದವರೆಗೆ ಸುಮಾರು 1.5 ಮೀಟರ್, ಮೇಲೊಂದಿಷ್ಟು ಅಂತರ. ಹಗ್ಗ ಸಿಕ್ಕಿಸಿದ ಜಾಗದ ಕೆಳಗೆ 5 ಮೀಟರಿಗೂ ಹೆಚ್ಚು ಬಯಲು ಬೇಕು. 3 ಮೀಟರ್ ಎತ್ತರದಲ್ಲಿ ಕಾಲಬುಡಕ್ಕೆ ಸಿಕ್ಕಿಸಿದರೆ ಬೆಲ್ಟ್ ಬಿಗಿಯುವ ಮೊದಲೇ ಮನುಷ್ಯ ನೆಲ ಮುಟ್ಟಿರುತ್ತಾನೆ.

ಬೆಲ್ಟ್ ಹಿಡಿದರೂ ಗಂಡಾಂತರ ಕಳೆಯಲಿಲ್ಲ. ಅಲುಗಾಡದೆ ನೇತಾಡುವವನ ರಕ್ತ ಕಾಲಿಗಿಳಿದು ನಿಲ್ಲುತ್ತದೆ. ನಿಮಿಷಗಳಲ್ಲೇ ಪ್ರಜ್ಞೆ ತಪ್ಪಬಹುದು. ಅವನನ್ನು ಇಳಿಸುವವರು ಯಾರು, ಹೇಗೆ ಎಂಬುದು ಅವನು ಮೇಲೆ ಹತ್ತುವ ಮೊದಲೇ ತೀರ್ಮಾನವಾಗಿರಬೇಕು.

ಆಯುಧಪೂಜೆಯಲ್ಲಿ ಹಗ್ಗಕ್ಕೂ ಕುಂಕುಮ ಬೀಳುತ್ತದೆ. ಕುಂಕುಮ ಹಚ್ಚಿದ ಬೆರಳು ಗೇಣು ಗೇಣಾಗಿ ಹಗ್ಗದುದ್ದಕ್ಕೂ ಓಡಿ, ಸವೆದ ಎಳೆ ಹುಡುಕಿದರೆ ಅದೂ ಪೂಜೆಯೇ.

2016ರ ಜುಲೈ 29ರಂದು ಪುಣೆಯ ಬಾಲೇವಾಡಿಯಲ್ಲಿ ಕಟ್ಟುತ್ತಿದ್ದ ಕಟ್ಟಡದ ಮೇಲ್ಮಹಡಿಯ ಸ್ಲ್ಯಾಬ್ ಕುಸಿದು 9 ಕಾರ್ಮಿಕರು ಸತ್ತರು. 2019ರ ಜೂನ್ 29ರಂದು, ಮಧ್ಯರಾತ್ರಿ ಕಳೆದ ಮೇಲೆ, ಕೋಂಢವಾದಲ್ಲಿ ಕಾಂಪೌಂಡ್ ಗೋಡೆಯೊಂದು ಕಾರ್ಮಿಕರ ತಗಡಿನ ಶೆಡ್ಡುಗಳ ಮೇಲೆ ಉರುಳಿ 15 ಜನ ಸತ್ತರು. ಇವರು ಪೇಂಟರುಗಳಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಅದೇ: ಕೆಲಸ ಮಾಡಿಸಿದವನು ಹೊಲ ಉತ್ತಿದ್ದನೇ? ಆಷಾಢ ಏಕಾದಶಿಗೆ ಆಗ ಎರಡು ವಾರವೂ ಇರಲಿಲ್ಲ.

ಆ ಏಕಾದಶಿಗೆ ಪಂಢರಪುರಕ್ಕೆ ಹೊರಡುವ ವಿಠ್ಠಲಭಕ್ತರಾದ ವಾರಕರಿಗಳು ನೆನೆಯುವ ಸಂತ ಚೋಖಾಮೇಳರೂ ಗೋಡೆ ಕೆಲಸದ ಕೂಲಿಯೇ. ಮಂಗಳವೇಢೆಯಲ್ಲಿ, ಬಸವಣ್ಣನವರು ಬಿಜ್ಜಳನ ಬಳಿ ಕೆಲಸಕ್ಕಿದ್ದ ಊರಿನಲ್ಲಿ, 1338ರಲ್ಲಿ ಗೋಡೆ ಕುಸಿದು ಉಳಿದ ಕೂಲಿಕಾರರೊಂದಿಗೆ ಅವರೂ ಸತ್ತರೆಂದು ಸಂಪ್ರದಾಯ ಹೇಳುತ್ತದೆ. ಮಹಾರ್ ಕುಲದಲ್ಲಿ ಹುಟ್ಟಿದ್ದು ಹಿಂದಿನ ಕರ್ಮವೆಂದು ತಮ್ಮ ಅಭಂಗಗಳಲ್ಲಿ ಕೊರಗಿದವರು ಅವರು. ಅವರ ಸಾವನ್ನೂ ಕರ್ಮಕ್ಕೆ ಒಪ್ಪಿಸಿ ಸಂತ ನಾಮದೇವರು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಮಂಗಳವೇಢೆಗೆ ಹೋಗಿ ಮಣ್ಣಿನ ರಾಶಿಯಲ್ಲಿ ಸಿಕ್ಕ ಎಲುಬುಗಳಿಗೆ ಕಿವಿಗೊಟ್ಟರಂತೆ. ಯಾವುದರಲ್ಲಿ ವಿಠ್ಠಲನ ಹೆಸರು ಕೇಳಿಸಿತೋ ಅವು ಚೋಖಾಮೇಳರವು. ಅವನ್ನು ತಂದು ಪಂಢರಪುರದ ಮಹಾದ್ವಾರದ ಎದುರು ಸಮಾಧಿ ಮಾಡಿದರು.

ಪುಣೆ ದಾಟಿ ಹೋಗುವ ವಾರಕರಿಗಳ ದಿಂಡಿಗಳು ಇಂದಿಗೂ ಆ ಸಮಾಧಿಗೆ ಕೈಮುಗಿಯುತ್ತವೆ. ಆ ಸಾಲಿನಲ್ಲಿ ಗುತ್ತಿಗೆದಾರರೂ ಇರುತ್ತಾರೆ, ಪೇಂಟರುಗಳೂ ಇರುತ್ತಾರೆ.