ಕೈಗೋ, ಎದೆಗೋ?

ವರ್ಚುವಾ ಕಾಪ್ 2 ಆಡಿದವರಲ್ಲಿ ಎರಡು ಪಂಗಡ. ಕಳ್ಳ ಕಂಡ ಕೂಡಲೇ ಎದೆಗೆ ಗುಂಡು ಹಾಕಿ ಮುಂದೆ ಹೋಗೋರು ಒಂದು. ಅವನ ಕೈಗೇ ಗುರಿಯಿಟ್ಟು ಪಿಸ್ತೂಲು ಬೀಳಿಸೋರು ಇನ್ನೊಂದು. ಸೆಗಾ ಕಂಪನಿ 1995ರಲ್ಲಿ ಆರ್ಕೇಡ್‌ಗೆ ಅಂತ ಮಾಡಿದ ಈ ಆಟ ಆಮೇಲೆ ಕಂಪ್ಯೂಟರ್‌ಗೂ ಬಂತು. ಚನ್ನಪಟ್ಟಣದ ಸೈಬರ್ ಸೆಂಟರಿನಲ್ಲಿ ನಾವೆಲ್ಲ ಆಡಿದ್ದು ಅದನ್ನೇ. ಕೈಗೆ ಹೊಡೆದರೆ ‘ಜಸ್ಟಿಸ್ ಶಾಟ್’ ಅಂತ ಬೋನಸ್. ಅಮಾಯಕರಿಗೆ ತಗುಲಿದರೆ ನಿಮ್ಮದೇ ಒಂದು ಲೈಫ್ ಖೋತಾ.

ನಮ್ಮ ಗುಂಪಿನಲ್ಲಿ ಈ ವಾದ ಇವತ್ತಿಗೂ ಮುಗಿದಿಲ್ಲ. ‘ಪೊಲೀಸ್ ಅಂದ್ಮೇಲೆ ಹಿಡೀಬೇಕು ಮಗಾ, ಸಾಯಿಸೋದಲ್ಲ’ ಅಂತಾನೆ ಮಾಗಡಿಯ ಗೆಳೆಯ. ಕನಕಪುರದವನು ಬಿಡಲ್ಲ: ‘ಬೋನಸ್ ಕೊಡ್ತಾರೆ ಅಂತ ಕೈಗೆ ಹೊಡೀತೀಯ. ಬೋನಸ್ ತೆಗೀಲಿ, ಆಗ ನೋಡ್ತೀನಿ ನಿನ್ನ ಕರುಣೆ.’

ಈ ಮಾತಿನಲ್ಲಿ ಹುರುಳಿದೆ. ಅಪ್ರೈಸಲ್ ಹತ್ತಿರ ಬಂದಾಗ ಮಾತ್ರ ಜೂನಿಯರ್‌ಗಳ ಮೇಲೆ ಪ್ರೀತಿ ಉಕ್ಕುವ ಮ್ಯಾನೇಜರ್‌ಗಳನ್ನು ನಾವೆಲ್ಲ ಕಂಡಿದ್ದೀವಿ. ಆದರೂ ಕೈ ಅನ್ನೋದು ಎದೆಗಿಂತ ಚಿಕ್ಕ ಗುರಿ. ಅದಕ್ಕೆ ಕಾಯೋನು ತಾನೇ ಗುಂಡು ತಿನ್ನೋ ಅಪಾಯ ತಗೋತಾನೆ. ಅಷ್ಟಕ್ಕಾದರೂ ಬೆಲೆ ಕೊಡಬೇಕು.

ಆದರೆ ಇಬ್ಬರೂ ಒಂದು ವಿಷಯ ಮರೆತಿದ್ದಾರೆ. ಈ ಆಟದಲ್ಲಿ ಕಳ್ಳನ ಮೇಲೆ ಒಂದು ಉಂಗುರ ಮೂಡುತ್ತೆ. ಹಸಿರಿದ್ದದ್ದು ಹಳದಿಯಾಗಿ, ಕೆಂಪಾಗೋಷ್ಟರಲ್ಲಿ ಹೊಡೀಬೇಕು. ಯಾರು ತಪ್ಪಿತಸ್ಥ ಅಂತ ಯೋಚಿಸೋ ಕೆಲಸವೇ ನಮಗಿಲ್ಲ, ಅದನ್ನು ಯಂತ್ರ ಮೊದಲೇ ತೀರ್ಮಾನಿಸಿರುತ್ತೆ.

ಹೊರಗಡೆ ಆ ಉಂಗುರ ಯಾರೂ ಕಾಣರು. ‘ಆರೋಪಿ ಕಾಲಿಗೆ ಗುಂಡೇಟು’ ಅನ್ನೋ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮಾಮೂಲಿ. ಅದನ್ನು ಓದಿ ‘ತಲೆಗೇ ಹೊಡೀಬೇಕಿತ್ತು’ ಅನ್ನೋರು ನಮ್ಮ ಕ್ಯಾಂಟೀನಿನಲ್ಲೇ ಸಿಗ್ತಾರೆ. ಆರೋಪಿ ಅಂದರೆ ಇನ್ನೂ ವಿಚಾರಣೆ ಮುಗಿಯದವನು ಅನ್ನೋದು ಯಾರಿಗೂ ನೆನಪಾಗಲ್ಲ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ನಾಲ್ವರು ಆರೋಪಿಗಳು ಎನ್‌ಕೌಂಟರ್‌ನಲ್ಲಿ ಸತ್ತಾಗ ಜನ ಪೊಲೀಸರ ಮೇಲೆ ಹೂವು ಚೆಲ್ಲಿದರು. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ, ಪೊಲೀಸರು ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದರು ಎಂದಿತು. ಆ ವರದಿ 2022ರಲ್ಲಿ ಹೊರಬಂದಾಗ ಹೂವು ಚೆಲ್ಲಿದವರೆಷ್ಟು ಜನ ಓದಿದರೋ.

ನಮ್ಮ ರಾಮನಗರದ ಬೆಟ್ಟಗಳಲ್ಲಿ ತೆಗೆದ ‘ಶೋಲೆ’ಯಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುವಂತೆ ಮೊದಲು ಚಿತ್ರಿಸಿದ್ದರು. ಸೆನ್ಸಾರ್ ಒಪ್ಪಲಿಲ್ಲ. 1975ರಲ್ಲಿ ತೆರೆಗೆ ಬಂದ ಚಿತ್ರದಲ್ಲಿ ಪೊಲೀಸರು ಬಂದು ತಡೀತಾರೆ. ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಜೈಲಿಗಟ್ಟಿದ್ದ ತುರ್ತುಪರಿಸ್ಥಿತಿಯ ಕಾಲದಲ್ಲಿ ಕಾನೂನಿನ ಈ ಕಾಳಜಿ ತಮಾಷೆಯೇ. ಆದರೂ ಹೇಳಿದವರು ಯಾರೇ ಇರಲಿ, ಮಾತು ಸರಿ.

‘ಕೋರ್ಟಿನಲ್ಲಿ ಇಪ್ಪತ್ತು ವರ್ಷ ಎಳೀತಾರಲ್ಲೋ’ ಅಂತಾನೆ ಕನಕಪುರದವನು. ನಿಜ, ಅದು ಸಣ್ಣ ನೋವಲ್ಲ. ಆದರೆ ನಿಧಾನದ ಕೋರ್ಟನ್ನು ಚುರುಕು ಮಾಡಬಹುದು. ಸತ್ತವನು ಅಮಾಯಕ ಅಂತ ಆಮೇಲೆ ಗೊತ್ತಾದರೆ ಏನು ಮಾಡೋದು? ಅಲ್ಲಿ ಲೈಫ್ ಖೋತಾ ಆಗೋದು ಗುಂಡು ಹಾರಿಸಿದವನದಲ್ಲ.