ಪದವಿ ಯಾರದು, ಹೊಣೆ ಯಾರದು?

ಒಬ್ಬನಿಗೆ ಕೆಲಸ ಗೊತ್ತಿದೆ ಎಂಬುದನ್ನು ಗುರುತು ಪರಿಚಯವಿಲ್ಲದ ಇನ್ನೊಬ್ಬ ನಂಬುವುದು ಹೇಗೆ? ನಮ್ಮ ಊರುಗಳಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ನಾಪೋಕ್ಲುವಿನಲ್ಲೋ ಸಿದ್ದಾಪುರದಲ್ಲೋ ಮನೆ ಕಟ್ಟಿಸುವವರು ಮೇಸ್ತ್ರಿಯ ಸರ್ಟಿಫಿಕೇಟು ಕೇಳುವುದಿಲ್ಲ. ಆತ ಕಟ್ಟಿದ ನಾಲ್ಕು ಮನೆ ನೋಡುತ್ತಾರೆ, ಕೊಡಗಿನ ಮಳೆಗೆ ಅವು ಸೋರಿವೆಯೇ ಎಂದು ವಿಚಾರಿಸುತ್ತಾರೆ. ಆದರೆ ಸಮುದ್ರ ದಾಟಿ ಹೋದವನ ಹಿಂದೆ ಆ ನಾಲ್ಕು ಮನೆಗಳು ಹೋಗುವುದಿಲ್ಲ. ಹೋಗುವುದು ಒಂದು ಕಾಗದ ಮಾತ್ರ. ಆ ಕಾಗದವನ್ನು ಪರದೇಶದವರು ಏಕೆ ನಂಬಬೇಕು ಎಂಬ ಪ್ರಶ್ನೆ 2018ರಲ್ಲಿ ಕುವೈತ್‌ನಲ್ಲಿ ದುಡಿಯುತ್ತಿದ್ದ ಸಾವಿರಾರು ಭಾರತೀಯ ಇಂಜಿನಿಯರುಗಳ ಮುಂದೆ ಬಂದು ನಿಂತಿತು. ಗಲ್ಫಿನ ದುಡಿಮೆಯನ್ನು ನೆಚ್ಚಿಕೊಂಡ ಮನೆಗಳು ಕೊಡಗಿನಲ್ಲಿ ಬಹಳಷ್ಟಿವೆ. ಆದ್ದರಿಂದ ಇದು ನಮಗೆ ದೂರದ ಸುದ್ದಿಯಲ್ಲ.

ಆ ವರ್ಷ ಕುವೈತ್ ಸರಕಾರವು ಇಂಜಿನಿಯರುಗಳ ಇಖಾಮ ನವೀಕರಣಕ್ಕೆ ಅಲ್ಲಿನ ಇಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರ ಬೇಕೆಂದಿತು. ಓದಿದ ಕೋರ್ಸಿಗೆ ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್‌ಬಿಎಯ ಮಾನ್ಯತೆ ಇದೆಯೇ ಎಂದು ಸಂಘ ನೋಡಿತು. ‘ನಮ್ಮ ಕಾಲೇಜಿಗೆ ಎಐಸಿಟಿಇ ಅನುಮತಿ ಇದೆಯಲ್ಲ’ ಎಂಬ ಉತ್ತರ ಸಾಲದಾಯಿತು. ಎಐಸಿಟಿಇ ಕೊಡುವುದು ಕಾಲೇಜು ನಡೆಸುವ ಅನುಮತಿ. ಎನ್‌ಬಿಎ ಮಾಡುವುದು ಕಲಿಕೆಯ ಗುಣಮಟ್ಟದ ತಪಾಸಣೆ. ಅದೂ ಇಡೀ ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ, ನಿರ್ದಿಷ್ಟ ಅವಧಿಗೆ, ಕಾಲೇಜು ತಾನಾಗಿ ಅರ್ಜಿ ಹಾಕಿದರೆ ಮಾತ್ರ. ಎನ್‌ಬಿಎ ಸ್ಥಾಪನೆಯಾದದ್ದೇ 1994ರಲ್ಲಿ. ಅದಕ್ಕೂ ಮೊದಲು ಓದಿ ಮುಗಿಸಿದವರು ಯಾವ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಬೇಕು? ಹೆಸರಾಂತ ಸಂಸ್ಥೆಗಳಲ್ಲಿ ಕಲಿತವರೂ ಕಂಗಾಲಾದರು. ಕೆಲವರು ‘ಇಂಜಿನಿಯರ್’ ಎಂಬ ಹುದ್ದೆಯ ಹೆಸರನ್ನೇ ಬಿಟ್ಟುಕೊಟ್ಟು ಕೆಲಸ ಉಳಿಸಿಕೊಂಡರು.

ದೇಶದೇಶಗಳ ನಡುವೆ ಇಂಥ ನಂಬಿಕೆಗೆ ಒಂದು ದಾರಿ ಇಲ್ಲದಿಲ್ಲ. 1989ರಲ್ಲಿ ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ದೇಶಗಳ ಮಾನ್ಯತಾ ಸಂಸ್ಥೆಗಳು ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡವು. ನೀವು ಪರೀಕ್ಷಿಸಿ ಒಪ್ಪಿದ ಕೋರ್ಸನ್ನು ನಾವೂ ಒಪ್ಪುತ್ತೇವೆ, ನಾವು ಒಪ್ಪಿದ್ದನ್ನು ನೀವೂ ಒಪ್ಪಿ ಎಂಬುದೇ ಅದರ ತಿರುಳು. ನಮ್ಮ ಎನ್‌ಬಿಎ 2007ರಲ್ಲಿ ತಾತ್ಕಾಲಿಕ ಸದಸ್ಯತ್ವ ಪಡೆದು, 2014ರ ಜೂನ್‌ನಲ್ಲಿ ಪೂರ್ಣ ಸದಸ್ಯನಾಯಿತು. ಕುವೈತ್ ಈ ಒಪ್ಪಂದದಲ್ಲಿಲ್ಲ. ಆದರೂ ಅದು ಹಿಡಿದದ್ದು ಇದೇ ದಾರಿಯನ್ನು: ವ್ಯಕ್ತಿಯನ್ನಲ್ಲ, ಆತನ ದೇಶದ ಮಂಡಳಿಯನ್ನು ಕೇಳುವುದು.

ಈ ದಾರಿಯಲ್ಲೂ ಒಂದು ಗೇಟು ಇದೆ. ಎನ್‌ಬಿಎ ಮಾನ್ಯತೆಯಲ್ಲಿ ಎರಡು ಶ್ರೇಣಿಗಳಿವೆ. ಸ್ವಾಯತ್ತ ಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯಗಳ ವಿಭಾಗಗಳು ಒಂದನೆಯ ಶ್ರೇಣಿಗೆ, ಸಂಯೋಜಿತ ಕಾಲೇಜುಗಳು ಎರಡನೆಯ ಶ್ರೇಣಿಗೆ ಸೇರುತ್ತವೆ. ವಾಷಿಂಗ್ಟನ್ ಒಪ್ಪಂದದ ಪ್ರಯೋಜನ ಒಂದನೆಯ ಶ್ರೇಣಿಗೆ ಮಾತ್ರ. ಕೊಡಗಿನ ಮಕ್ಕಳಿಗೆ ಹತ್ತಿರವಾಗಲೆಂದು ಪೊನ್ನಂಪೇಟೆಯಲ್ಲಿ 2003ರಲ್ಲಿ, ಕುಶಾಲನಗರದಲ್ಲಿ 2007ರಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ಆರಂಭವಾದದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿ. ರಾಜ್ಯದ ನೂರಾರು ಕಾಲೇಜುಗಳ ವ್ಯವಸ್ಥೆಯೂ ಇದೇ. ಸ್ವಾಯತ್ತ ಕಾಲೇಜಿಗೂ ಸಂಯೋಜಿತ ಕಾಲೇಜಿಗೂ ಪದವಿ ಪತ್ರ ಕೊಡುವ ವಿಶ್ವವಿದ್ಯಾಲಯ ಒಂದೇ. ಹೀಗಿದ್ದರೂ ವಿದೇಶದ ಮೇಜಿನ ಮೇಲೆ ಕಾಲೇಜಿನ ಶ್ರೇಣಿ ಬೇರೆ ಮಾತಾಡುತ್ತದೆ.

ಹಾಗಾದರೆ ಪರದೇಶದವರ ಸಂಶಯ ಅನ್ಯಾಯವೇ? ಕೋಪದಲ್ಲಿ ಹೌದೆನ್ನುವುದು ಸುಲಭ. ಆದರೆ ಅದೇ 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಏನಾಯಿತೆಂಬುದನ್ನು ನೆನೆಯೋಣ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಗಳಲ್ಲಿ ಗುಡ್ಡಗಳು ಜರಿದವು, ಮನೆಗಳು ಮಣ್ಣಿನಡಿ ಸೇರಿದವು. ವಿಪರೀತ ಮಳೆಯ ಜೊತೆಗೆ, ರಸ್ತೆಗೂ ಕಟ್ಟಡಕ್ಕೂ ಗುಡ್ಡದ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಗುಡ್ಡ ಕಡಿಯಿರಿ ಎಂದವನಿಗೆ ಮಣ್ಣಿನ ಗುಣ ಗೊತ್ತಿತ್ತೇ ಎಂದು ನಾವು ಯಾರಾದರೂ ಕೇಳಿದ್ದೆವೆಯೇ? ವಕೀಲರಿಗೆ 1961ರ ಕಾಯ್ದೆ ಇದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ. ಇಂಜಿನಿಯರುಗಳಿಗೆ ಅಂಥದೊಂದು ಕಾಯ್ದೆ ಕರಡಿನ ಹಂತ ದಾಟಿಲ್ಲ. ಕುವೈತ್ ಒರಟಾಗಿ ಕೇಳಿತು, ನಿಜ. ನಾವು ಕೇಳುವುದೇ ಇಲ್ಲ. ತನ್ನ ನೆಲದ ಮೇಲೆ ಏಳುವ ಸೇತುವೆಯನ್ನು, ಗೋಡೆಯನ್ನು ಯಾರು ಕಟ್ಟುತ್ತಾರೆಂದು ಕೇಳುವ ಹಕ್ಕು ಪ್ರತಿಯೊಂದು ಸಮಾಜಕ್ಕೂ ಇದೆ.

ಅನ್ಯಾಯ ಇರುವುದು ಕೇಳಿದ್ದರಲ್ಲಲ್ಲ, ಕೇಳಿದ ಹೊತ್ತಿನಲ್ಲಿ ಮತ್ತು ಕೇಳಿದ ರೀತಿಯಲ್ಲಿ. ಹದಿನೈದು ವರ್ಷ ಸೈಟಿನ ಬಿಸಿಲಲ್ಲಿ ನಿಂತು ಕಟ್ಟಡಗಳನ್ನು ಏರಿಸಿದವನನ್ನು ಪಟ್ಟಿ ನೋಡುವುದಿಲ್ಲ, ಆತ ಹದಿನೆಂಟನೇ ವಯಸ್ಸಿನಲ್ಲಿ ಸೇರಿದ ಕಾಲೇಜನ್ನು ನೋಡುತ್ತದೆ. ಇದಕ್ಕೆ ಹೋಲಿಸಿದರೆ ಒಂದು ಸಂಗತಿ ಗಮನಾರ್ಹ. 2022ರ ಕೊನೆಯಲ್ಲಿ ಸೌದಿ ಅರೇಬಿಯವು ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್ ಮೊದಲಾದವರಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸಲು ಆರಂಭಿಸಿತು. ಅಲ್ಲಿ ಕೆಲಸಗಾರ ಹೊರಡುವ ಮೊದಲೇ, ತನ್ನ ಕೈಯಿಂದಲೇ, ತನಗೆ ಏನು ಗೊತ್ತೆಂದು ತೋರಿಸಬಹುದು. ಸೋತರೂ ಆ ಸೋಲು ಅವನದೇ. ಇಂಜಿನಿಯರನಾದರೋ ತಾನು ಬರೆಯದ ಪರೀಕ್ಷೆಯಲ್ಲಿ ನಪಾಸಾದ. ಆ ಪರೀಕ್ಷೆ ಬರೆಯಬೇಕಿದ್ದುದು ಅವನ ಕಾಲೇಜು.

ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ತಂದೆ ಕರಿಮೆಣಸು ಮಾರಿ, ತಾಯಿ ಬಳೆ ಅಡವಿಟ್ಟು, ಬ್ಯಾಂಕಿನ ಸಾಲ ಪಡೆದು ಮಗನನ್ನೋ ಮಗಳನ್ನೋ ಸೇರಿಸುತ್ತಾರೆ. ಶುಲ್ಕ ಪಡೆಯುವವರಿಗೆ ಮಾನ್ಯತೆಯ ಸ್ಥಿತಿ ಗೊತ್ತಿರುತ್ತದೆ, ಶುಲ್ಕ ಕಟ್ಟುವವರಿಗೆ ಗೊತ್ತಿರುವುದಿಲ್ಲ. ತೂಕದಲ್ಲಿ ಕಡಿಮೆ ಕೊಡುವುದಷ್ಟೇ ಮೋಸವಲ್ಲ, ಸರಕಿನ ಕೊರತೆ ಗೊತ್ತಿದ್ದೂ ಮೌನವಾಗಿ ಮಾರುವುದೂ ಮೋಸವೇ. ಕಟ್ಟಡ, ಬಸ್ಸು, ಹಾಸ್ಟೆಲಿನ ಚಿತ್ರಗಳನ್ನು ಕೈಪಿಡಿಯಲ್ಲಿ ಮುದ್ರಿಸುವವರು, ಯಾವ ವಿಭಾಗಕ್ಕೆ ಯಾವ ಶ್ರೇಣಿಯ ಮಾನ್ಯತೆ ಯಾವ ವರ್ಷದವರೆಗೆ ಇದೆ ಎಂಬ ಒಂದು ಸಾಲನ್ನು ಮೊದಲ ಪುಟದಲ್ಲೇ ಮುದ್ರಿಸಬಾರದೇಕೆ? ಇಲ್ಲದಿದ್ದರೆ ಇಲ್ಲವೆಂದು ಹೇಳಲಿ. ತಿಳಿದು ಸೇರಿದವನು ನಾಳೆ ಯಾರನ್ನೂ ದೂರಲಾರ.

ನಮ್ಮದೂ ಪಾಲಿದೆ. ಮಗಳ ಮದುವೆಗೆ ವರನ ಮನೆತನವನ್ನು ಮೂರು ತಲೆಮಾರಿನವರೆಗೆ ವಿಚಾರಿಸುವ ನಾವು, ನಾಲ್ಕು ವರ್ಷದ ಓದಿನ ಬಗ್ಗೆ ಮೂರು ಪ್ರಶ್ನೆಯನ್ನೂ ಕೇಳದೆ ಹಣ ಕಟ್ಟಿ ಬರುತ್ತೇವೆ. ಕೌನ್ಸೆಲಿಂಗಿಗೆ ಹೊರಡುವ ಮುನ್ನ ಎನ್‌ಬಿಎ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಜೊತೆಗೆ ವಿಭಾಗದ ಹೆಸರನ್ನೂ ಅವಧಿಯನ್ನೂ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಪರರು ನಮ್ಮನ್ನು ನಂಬಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ನಮ್ಮ ಕಾಲೇಜನ್ನು, ನಮ್ಮ ಗುಡ್ಡದ ಮೇಲಿನ ರಸ್ತೆಯನ್ನು ನಾವೇ ಪರೀಕ್ಷಿಸದೆ ಬಿಟ್ಟು, ಪರೀಕ್ಷಿಸಿದವರನ್ನು ಶಪಿಸಿದರೆ ಆ ಹಕ್ಕಿಗೆ ಬಲವಿರುವುದಿಲ್ಲ. ಇಂದು ಮನೆಯಲ್ಲಿ ಕೇಳದ ಪ್ರಶ್ನೆಯನ್ನು ನಾಳೆ ನಮ್ಮ ಮಕ್ಕಳಿಗೆ ಪರದೇಶದ ಗುಮಾಸ್ತ ಕೇಳುತ್ತಾನೆ. ಆಗ ಉತ್ತರ ಕೊಡಲು ಕಾಲೇಜೂ ಅಲ್ಲಿರುವುದಿಲ್ಲ, ನಾವೂ ಇರುವುದಿಲ್ಲ.